ಕಬ್ಬಿಣದ ಅಡಿಯ ಕರಿಗಲ್ಲು

ಭದ್ರಾವತಿಯ ಕುಲುಮೆಯು 1923ರಲ್ಲಿ ಮೊದಲು ಉರಿದಾಗ ಅದಕ್ಕೆ ಅದಿರನ್ನು ಒದಗಿಸಿದುದು ಕೆಮ್ಮಣ್ಣುಗುಂಡಿಯ ಬೆಟ್ಟ. ಆ ಅದಿರನ್ನು ಅರಿಯದವರಿಲ್ಲ. ಅದರ ಕೆಳಗಿನ ಸ್ತರಗಳಲ್ಲಿ ಮಲಗಿರುವ ಕಪ್ಪುಹಸುರು ಕಲ್ಲನ್ನು ಮಾತ್ರ ಕೇಳುವವರಿಲ್ಲ. ಬಾಬಾಬುಡನ್‌ ಗಿರಿಶ್ರೇಣಿಯಲ್ಲಿ ಪದರಪದರವಾಗಿ ಹಾಸಿರುವ ಈ ಕಲ್ಲು ಸುಮಾರು 290ರಿಂದ 270 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ, ಅಂದರೆ ಬಸಾಲ್ಟ್.

ಲಾವಾರಸವು ಹೊರಬೀಳಲು ಕಾರಣ ಒಂದೇ ಅಲ್ಲ. ಹವಾಯಿ ದ್ವೀಪಗಳಲ್ಲಿ ಭೂಮಿಯ ಆಳದಿಂದ ಬಿಸಿಯಾದ ದ್ರವ್ಯವು ಕಂಬದಂತೆ ಮೇಲೇರುತ್ತದೆ. ಜಪಾನಿನಲ್ಲಾದರೋ ಸಮುದ್ರತಳದ ಶಿಲಾಫಲಕವೊಂದು ಇನ್ನೊಂದರ ಅಡಿಗೆ ಜಾರಿ ಇಳಿಯುತ್ತದೆ. ನಮ್ಮ ಕರಿಗಲ್ಲು ಹುಟ್ಟಿದುದು ಯಾವ ಬಗೆಯಿಂದ? ಫಲಕಗಳ ಚಲನೆಯು ಅಷ್ಟು ಹಿಂದೆಯೇ ಆರಂಭವಾಗಿತ್ತೇ ಎಂಬ ದೊಡ್ಡ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಕಲ್ಲನ್ನು ಪುಡಿಮಾಡಿ ಪರೀಕ್ಷಿಸಿದರೆ ಸಾಲದೆ ಎನ್ನಬಹುದು. ಆದರೆ ಇಷ್ಟು ಕಾಲದ ಶಾಖ, ಒತ್ತಡ, ನೀರುಗಳಿಗೆ ಸಿಕ್ಕಿದ ಶಿಲೆಯಲ್ಲಿ ಸೋಡಿಯಂ, ಪೊಟಾಸಿಯಂಗಳು ಇದ್ದಲ್ಲಿ ಇರುವುದಿಲ್ಲ. ಅವುಗಳ ಸಾಕ್ಷ್ಯವನ್ನು ನಂಬುವಂತಿಲ್ಲ. ಟೈಟೇನಿಯಂ, ಜಿರ್ಕೋನಿಯಂ, ನಯೋಬಿಯಂಗಳು ಹಾಗಲ್ಲ, ಸುಲಭವಾಗಿ ಕದಲವು. ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗದಷ್ಟಿರುವ ನಯೋಬಿಯಂ ಇಲ್ಲಿ ಮುಖ್ಯ ಸಾಕ್ಷಿ. ಆಳಕ್ಕಿಳಿಯುವ ಫಲಕದಿಂದ ಬಿಸಿನೀರು ಹೊರಟಾಗ ಅದು ಥೋರಿಯಂ, ಲ್ಯಾಂಥನಂಗಳನ್ನು ಮೇಲಕ್ಕೆ ಒಯ್ಯುತ್ತದೆ; ನಯೋಬಿಯಂ ಬಹುಪಾಲು ಕೆಳಗೇ ಉಳಿಯುತ್ತದೆ. ಆದುದರಿಂದ ಅಲ್ಲಿ ಹುಟ್ಟಿದ ಲಾವಾರಸದಲ್ಲಿ ಲ್ಯಾಂಥನಂಗೆ ಹೋಲಿಸಿದರೆ ನಯೋಬಿಯಂ ಕೊರತೆ ಕಾಣುತ್ತದೆ.

ಬಾಬಾಬುಡನ್ ಬಸಾಲ್ಟುಗಳ ಅನೇಕ ಮಾದರಿಗಳಲ್ಲಿ ಈ ಕೊರತೆ ಇದೆ. ಹಾಗೆಂದು ವಾದ ಮುಗಿಯಲಿಲ್ಲ! ನಮ್ಮ ನಾಡಿನ ತಳಹದಿಯಾದ ಪುರಾತನ ನೈಸ್ ಶಿಲೆಯಲ್ಲಿಯೂ ನಯೋಬಿಯಂ ಕಡಮೆಯೇ. ಆಳದಿಂದ ಏರಿದ ರಸವು ದಾರಿಯಲ್ಲಿ ಆ ನೈಸನ್ನು ಕರಗಿಸಿಕೊಂಡರೂ ಅದೇ ಗುರುತು ಬೀಳುತ್ತದೆ. ಸಿಲಿಕಾ ಹೆಚ್ಚಿದ ಪದರಗಳಲ್ಲೆಲ್ಲ ಕೊರತೆಯೂ ಹೆಚ್ಚುತ್ತ ಹೋದರೆ ಬೆರಕೆಯ ಶಂಕೆ ಬಲವಾಗುತ್ತದೆ.

ಇಂತಹ ಗೊಂದಲದಲ್ಲಿ ಪ್ರಯೋಗಶಾಲೆಗಿಂತ ಬೆಟ್ಟವೇ ಲೇಸು ಎಂದು ನನಗೆ ತೋರುತ್ತದೆ. ಇಲ್ಲಿನ ಬಸಾಲ್ಟು ನೈಸಿನ ಮೇಲೆಯೇ ಕುಳಿತಿದೆ. ನಡುನಡುವೆ ಅಲೆಯ ಗುರುತು ಹೊತ್ತ ಮರಳುಗಲ್ಲು ಗಟ್ಟಿಯಾಗಿ ಕ್ವಾರ್ಟ್‌ಜೈಟ್ ಆಗಿದೆ. ಲಾವಾದೊಳಗಿನ ಅನಿಲಗುಳ್ಳೆಗಳ ಕುಳಿಗಳಲ್ಲಿ ಬಿಳಿಯ ಖನಿಜ ತುಂಬಿದೆ. ಭೂಖಂಡವೊಂದು ಬಿರಿದು, ಆಳವಿಲ್ಲದ ನೀರಿನ ಅಂಚಿನಲ್ಲಿ ಲಾವಾ ಹರಿಯಿತೆಂಬ ಚಿತ್ರಕ್ಕೆ ಇವು ಒಪ್ಪುತ್ತವೆ. ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂಬುದನ್ನೂ ಹೇಳಬೇಕು.

ಇದೇ ಶಿವಮೊಗ್ಗ ಶಿಲಾಪಟ್ಟಿಯ ಮೇಲಿನ ಸ್ತರಗಳಿಗೆ ಬಂದರೆ ನೋಟ ಬದಲಾಗುತ್ತದೆ. ಚನ್ನಗಿರಿಯ ಕಡೆಯ ದಾಗಿನಕಟ್ಟೆಯಲ್ಲಿ ಸುಮಾರು 261 ಕೋಟಿ ವರ್ಷಗಳಷ್ಟು ಹಳೆಯ ರಯೊಲೈಟ್ ಎಂಬ ತಿಳಿಬಣ್ಣದ ಜ್ವಾಲಾಮುಖಿಶಿಲೆ ಇದೆ. ಫಲಕವು ಇಳಿಯುವಲ್ಲಿ ಇಂತಹ ಶಿಲೆ ಹೇರಳ. ಕೆಳಗಿನ ಕರಿಗಲ್ಲಿಗೂ ಇದಕ್ಕೂ ನಡುವಿನ ಕೋಟ್ಯಂತರ ವರ್ಷಗಳಲ್ಲಿ ಬಿರಿದ ನೆಲವು ಮತ್ತೆ ಕೂಡತೊಡಗಿತೇ ಎಂಬುದೇ ಈಗಿನ ಶೋಧನೆಯ ವಿಷಯ.