ಗಡಸು ನೀರಿನ ಊರಿನಲ್ಲಿ ಫ್ಲಶ್ ಟ್ಯಾಂಕ್

ಶೌಚಾಲಯದ ಫ್ಲಶ್ ಟ್ಯಾಂಕ್ ಎಂದರೆ ಒಮ್ಮೆಗೆ ಬೇಕಾಗುವಷ್ಟು ನೀರನ್ನು ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದೊಡನೆ ಅದನ್ನು ರಭಸದಿಂದ ಬೇಸಿನ್ನಿಗೆ ಬಿಟ್ಟು, ಮತ್ತೆ ತಾನಾಗಿ ತುಂಬಿಕೊಳ್ಳುವ ಪೆಟ್ಟಿಗೆ. ಮಲಿನವಾದದ್ದು ಯಾವುದೂ ಅದರೊಳಗೆ ಹೋಗುವುದಿಲ್ಲವಾದ್ದರಿಂದ, ದಿನವೂ ಬೇಸಿನ್ ತಿಕ್ಕುವ ಮನೆಗಳಲ್ಲಿಯೂ ಈ ಪೆಟ್ಟಿಗೆಯ ಮುಚ್ಚಳ ವರ್ಷಗಟ್ಟಲೆ ತೆರೆಯದೆ ಉಳಿಯುತ್ತದೆ. ಆದರೆ ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದ ಬೋರ್‌ವೆಲ್ ಮನೆಗಳಲ್ಲಿ ಅದನ್ನು ಕೆಡಿಸುವುದು ಬಹುಪಾಲು ಅದರೊಳಗೆ ಬರುವ ನೀರೇ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರುಣಿಸಿದರೂ ಮಸ್ಕಿ ತಾಲ್ಲೂಕಿನ ಎಲ್ಲ ಹಳ್ಳಿಗಳಿಗೆ ಆ ಭಾಗ್ಯ ದೊರೆತಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತದ್ದೂ, 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾದದ್ದೂ ಇದರಿಂದಲೇ. ಕಾಲುವೆ ಇಲ್ಲದ ಕಡೆ ಆಧಾರವಾಗುವ ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಸುಣ್ಣದ ಅಂಶವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಸೋಪು ಹಚ್ಚಿದರೂ ನೊರೆ ಬಾರದ ಇಂಥ ನೀರನ್ನು ಗಡಸು ನೀರು ಎನ್ನುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ನಿಗದಿಪಡಿಸಿದ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 600 ಮಿಲಿಗ್ರಾಂವರೆಗೆ ವಿನಾಯಿತಿ ಉಂಟು. ಟ್ಯಾಂಕಿನಲ್ಲಿ ನಿಂತ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಬಿದ್ದಂತೆ, ಅಂಚುಗಳಲ್ಲಿ ನೀರು ಆರಿದಂತೆ, ಕರಗಿದ್ದ ಸುಣ್ಣ ಗಟ್ಟಿಯಾಗಿ ಬಿಳಿಯ ಪೊರೆಯಾಗುತ್ತದೆ. ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹೆಪ್ಪು ಇದರದೇ ಜಾತಿ.

ಈ ಪೊರೆ ಗೋಡೆಗೆ ಹತ್ತಿದರೆ ನಷ್ಟವೇನಿಲ್ಲ, ಹತ್ತಬಾರದ ಎರಡು ಕಡೆಗಳಿವೆ. ಒಂದನೆಯದು ನೀರು ಒಳಬರುವ ಬಾಯಿಯಲ್ಲಿರುವ ಬಾಲ್ ಕಾಕ್. ನೀರಿನೊಡನೆ ಏರುವ ತೇಲುಬುರುಡೆಯೊಂದು, ಟ್ಯಾಂಕ್ ತುಂಬಿದಾಗ ನಲ್ಲಿಯನ್ನು ತಾನೇ ಮುಚ್ಚುವಂತೆ ಮಾಡಿದ ಏರ್ಪಾಡು ಇದು. ಇದರ ಕೀಲಿಗೆ ಸುಣ್ಣ ಹಿಡಿದರೆ ನಲ್ಲಿ ಪೂರ್ತಿ ಮುಚ್ಚದೆ, ಹೆಚ್ಚಾದ ನೀರು ಓವರ್‌ಫ್ಲೋ ಕೊಳವೆಯ ಮೂಲಕ ಸದ್ದಿಲ್ಲದೆ ಬೇಸಿನ್ನಿಗೆ ಇಳಿಯುತ್ತಿರುತ್ತದೆ. ಎರಡನೆಯದು ತಳದ ತೂತನ್ನು ಮುಚ್ಚಿಕೊಂಡಿರುವ ರಬ್ಬರ್ ವಾಷರ್. ಅದರ ಕೆಳಗೆ ಒಂದು ಹರಳು ಸಿಕ್ಕಿಕೊಂಡರೂ ಸೋರಿಕೆ ಶುರುವಾಗುತ್ತದೆ. ನಿಮಿಷಕ್ಕೆ 100 ಮಿಲಿಲೀಟರ್ ಸೋರಿದರೆ ಒಂದು ಹಗಲು ರಾತ್ರಿಗೆ 144 ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣರಿಗೆ ತಲಾ ಗುರಿಯಾಗಿಟ್ಟದ್ದು ದಿನಕ್ಕೆ 55 ಲೀಟರ್. ಅಂದರೆ ಎರಡೂವರೆ ಜನರ ಪಾಲಿಗಿಂತ ಹೆಚ್ಚು ನೀರು ಒಂದು ವಾಷರಿನ ಅಡಿಯಿಂದ ಹೋಯಿತು. ಹೋದ ನೀರು ಮನೆಯ ಹಿಂದಿನ ಗುಂಡಿಯನ್ನೇ ಸೇರುತ್ತದೆ, ಎರೆಭೂಮಿಯಲ್ಲಿ ನೀರು ಬೇಗ ಇಂಗದು, ಹೀಗಾಗಿ ಗುಂಡಿಯೂ ಅವಧಿಗೆ ಮುನ್ನ ತುಂಬುತ್ತದೆ. ಇಳಿಜಾರು ಹೆಚ್ಚಿರುವ ಗ್ರಾಮೀಣ ಬೇಸಿನ್ನಿಗೆ ಒಂದೂವರೆ ಎರಡು ಲೀಟರ್ ನೀರು ಸುರಿದರೆ ಸಾಕಾಗುವುದರಿಂದ, ನೀರಿನ ಬರವಿರುವ ಮನೆಗೆ ಟ್ಯಾಂಕಿಗಿಂತ ಬಕೆಟ್ಟು ಮತ್ತು ಚರಿಗೆಯೇ ಲೇಸೆಂದು ವಾದಿಸಿದರೆ ತಪ್ಪೆನ್ನಲಾಗದು. ಟ್ಯಾಂಕ್ ಬೇಕೇ ಬೇಕೆನ್ನುವವರಿಗೆ, ಒಣನಾಡಾದ ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ಎರಡು ಒತ್ತುಗುಂಡಿಗಳ ಮಾದರಿ, ಅದರಲ್ಲೂ ಸಣ್ಣ ಗುಂಡಿಗೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್ ಬಿಡುವಂಥದ್ದು, ಹೆಚ್ಚು ಉಚಿತ.

ಸೋರಿಕೆ ಕಿವಿಗೆ ಕೇಳದಿದ್ದಾಗ ಅದನ್ನು ಪತ್ತೆಮಾಡಲು ಕೇಸರಿಬಾತಿಗೆ ಹಾಕುವ ತಿನ್ನುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡುವುದು ಸುಲಭದ ಉಪಾಯ. ಬೇಸಿನ್ನಿನಲ್ಲಿ ಬಣ್ಣ ಕಂಡರೆ ಎಲ್ಲೋ ನೀರು ಇಳಿಯುತ್ತಿದೆ ಎಂದರ್ಥ.

ತೊಳೆಯುವ ಕೆಲಸಕ್ಕೆ ಮೊದಲು ಗೋಡೆಯ ಆಂಗಲ್ ಕಾಕ್ ತಿರುಗಿಸಿ ನೀರು ನಿಲ್ಲಿಸಬೇಕು, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಬರಿದು ಮಾಡಬೇಕು; ಪಿಂಗಾಣಿಯ ಮುಚ್ಚಳವಿದ್ದರೆ ಅದನ್ನು ಬಟ್ಟೆಯ ಮೇಲೆ ಮಲಗಿಸಿಡಬೇಕು, ಏಕೆಂದರೆ ಮುಚ್ಚಳ ಒಡೆದರೆ ಬಿಡಿಯಾಗಿ ಅದರ ಜೋಡಿ ಸಿಗುವುದು ಕಷ್ಟ. ಸುಣ್ಣದ ಪೊರೆಗೆ ಮದ್ದು ಹುಳಿ. ಹಿತ್ತಾಳೆ ಪಾತ್ರೆಯನ್ನು ಹುಣಸೆಹುಳಿಯಿಂದ ಬೆಳಗುವ ಮನೆಗಳಿಗೆ ಹುಳಿಯ ಶಕ್ತಿಯನ್ನು ವಿವರಿಸಬೇಕಾಗಿಲ್ಲ. ಆದರೆ ಹುಣಸೆಯ ನಾರು ಕಿರಿದಾದ ಬಾಯಿಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಇಲ್ಲಿ ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ಪುಡಿಯಾದ ನಿಂಬೆ ಉಪ್ಪು ಬಳಸುವುದು ಒಳ್ಳೆಯದು. ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಪುಡಿ ಬೆರೆಸಿ ಪೊರೆ ಇರುವೆಡೆ ಹಾಕಿ ಒಂದೆರಡು ಗಂಟೆ ಬಿಟ್ಟರೆ, ಹುಳಿ ಸುಣ್ಣವನ್ನು ಕರಗಿಸುತ್ತ ಸಣ್ಣ ಗುಳ್ಳೆಗಳೇಳುತ್ತವೆ. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ವಾಷರಿನ ಅಂಚನ್ನು ಬೆರಳಿನಿಂದ ಒರೆಸಿ, ಒಳಬಾಯಿಯ ಜಾಲರಿಯಲ್ಲಿ ಸಿಕ್ಕ ಮರಳನ್ನು ತೆಗೆದು, ತಿಳಿನೀರಿನಿಂದ ತೊಳೆಯಬೇಕು. ರಬ್ಬರ್ ಬಿರುಸಾಗಿದ್ದರೆ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು. ಕೊನೆಗೆ ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಒಂದು ಇಂಚು ಕೆಳಗೇ ನಿಲ್ಲುವಂತೆ ತೇಲುಬುರುಡೆಯನ್ನು ಸರಿಪಡಿಸಬೇಕು.

ಬೇಸಿನ್ನಿಗೆಂದು ಮಾರುವ ಹೈಡ್ರೋಕ್ಲೋರಿಕ್ ಆಮ್ಲದ ದ್ರವವನ್ನು ಬೇಗ ಕೆಲಸವಾಗಲೆಂದು ಟ್ಯಾಂಕಿಗೂ ಸುರಿಯುವ ರೂಢಿ ಅಲ್ಲಲ್ಲಿ ಇದೆ; ಅದು ಸುಣ್ಣದ ಜೊತೆಗೆ ಲೋಹದ ಬೋಲ್ಟುಗಳನ್ನೂ ತಿನ್ನುತ್ತದೆ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಮಾತ್ರೆಗಳು ಸದಾ ನೀರಿನಲ್ಲಿದ್ದು ರಬ್ಬರನ್ನು ಬೇಗ ಹಾಳುಮಾಡುತ್ತವೆ. ಇವೆಲ್ಲಕ್ಕಿಂತ ಅಪಾಯದ್ದೆಂದರೆ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಬಳಸುವುದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ಇಲ್ಲದ ಸಣ್ಣ ಸಂಡಾಸದೊಳಗೆ ಅದು ಉಸಿರಿಗೇ ಕುತ್ತು.

ಈ ಭಾಗದ ಮನೆಗಳಿಗೆ ಇನ್ನೊಂದು ಸಂಗತಿಯೂ ಅನ್ವಯಿಸುತ್ತದೆ. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ದುಡಿಮೆಗಾಗಿ ಬೆಂಗಳೂರು ಮತ್ತಿತರ ನಗರಗಳಿಗೆ ಗುಳೆ ಹೋಗುವುದರಿಂದ ಮನೆಗಳು ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಸುಮಾರು ಎಂಟು ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಮುಚ್ಚಳ ಸರಿಯಾಗಿ ಕೂರದ ಟ್ಯಾಂಕ್ ಅದಕ್ಕೆ ಒಳ್ಳೆಯ ಮನೆ. ಆದ್ದರಿಂದ ಊರು ಬಿಡುವ ದಿನ ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು. ಹಿಂದಿರುಗಿದ ದಿನ ಮೊದಲ ಎರಡು ಮೂರು ಬಕೆಟ್ ನೀರನ್ನು ಬೇರೆ ನಲ್ಲಿಯಿಂದ ಹೊರಗೆ ಬಿಟ್ಟು, ಕೊಳವೆಯಲ್ಲಿ ಕುಳಿತ ಕೆಸರು ಹೋದ ನಂತರ ಟ್ಯಾಂಕಿನ ಕಾಕ್ ತೆರೆದರೆ ಜಾಲರಿ ಕಟ್ಟಿಕೊಳ್ಳುವುದಿಲ್ಲ.