ಸಾಲ ಕೊಡುವವರ ಸಂಘ

ಪೆನ್ನೆ ಹೊಳೆಯ ಸೀಮೆಯ ರೊದ್ದಂ ಆಂಧ್ರಕ್ಕೆ ಸೇರಿದ್ದು. ಅಲ್ಲಿಂದ ಪಡುವಣಕ್ಕೆ ಹೊರಟರೆ ಸಿಗುವ ಪಾವಗಡ ಕರ್ನಾಟಕದ್ದು. ಶೇಂಗಾ, ಮಳೆ ನಂಬಿದ ಹೊಲ, ತೆಲುಗು ಕನ್ನಡ ಬೆರೆತ ಮಾತು ಎರಡೂ ಕಡೆ ಒಂದೇ. ಇಲ್ಲಿ ‘ಸಂಘ’ ಎಂದರೆ ಸಾಲಕ್ಕೂ ಉಳಿತಾಯಕ್ಕೂ ಹೆಂಗಸರು ಕಟ್ಟಿಕೊಂಡ ಗುಂಪು. ಅತ್ತ ಡ್ವಾಕ್ರಾ, ಇತ್ತ ಸ್ತ್ರೀಶಕ್ತಿ. ಕಿರುಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳಿಗೂ ಸಂಘಗಳಿವೆ ಎಂಬುದು ಕಂತು ಕಟ್ಟುವ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಇಳಾ ಭಟ್ಟರ ಸೇವಾ ಬ್ಯಾಂಕ್ ಮೊದಲಾದವು ಸೇರಿ 1999ರಲ್ಲಿ ಕಟ್ಟಿದ ಸಾ-ಧನ್ ಒಂದು, 2009ರಲ್ಲಿ ಹುಟ್ಟಿದ ಎಂಫಿನ್ ಇನ್ನೊಂದು. ರಿಸರ್ವ್ ಬ್ಯಾಂಕ್ 2014ರಲ್ಲಿ ಎಂಫಿನ್‌ಗೆ, ಮರುವರ್ಷ ಸಾ-ಧನ್‌ಗೆ ಸ್ವಯಂ ನಿಯಂತ್ರಣ ಸಂಸ್ಥೆಯ ಮಾನ್ಯತೆ ಕೊಟ್ಟಿತು. ಸದಸ್ಯ ಕಂಪನಿಗಳಿಗೆ ನಡವಳಿಕೆಯ ಕಟ್ಟಳೆ ಹಾಕುವುದು, ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವುದು, ಸಾಲಗಾರರ ದೂರು ಕೇಳುವುದು ಇವುಗಳ ಕೆಲಸ. ಆದರೆ ಈ ಸಂಘಗಳ ನಿಜವಾದ ಬೆಲೆ ಇರುವುದು ನಯವಿನಯದ ಪಾಠಕ್ಕಿಂತ ಹೆಚ್ಚಾಗಿ ಸಾಲದ ಲೆಕ್ಕ ಹಿಡಿಯುವುದರಲ್ಲಿ ಎಂಬುದು ನನ್ನ ಎಣಿಕೆ.

ಅದು ತಿಳಿಯಬೇಕಾದರೆ 2010ರ ಅಕ್ಟೋಬರ್‌ಗೆ ಹೋಗಬೇಕು. ಒಂದೇ ಮನೆಗೆ ಹಲವು ಕಂಪನಿಗಳು ಸಾಲ ಸುರಿದಿದ್ದವು, ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ಸುದ್ದಿ ದಿನವೂ ಬರುತ್ತಿತ್ತು. ಅವಿಭಜಿತ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಂಪನಿ ಪ್ರತಿ ಜಿಲ್ಲೆಯಲ್ಲೂ ನೋಂದಾಯಿಸಬೇಕು. ವಾರದ ಕಂತು ಇಲ್ಲ, ತಿಂಗಳ ಕಂತು. ವಸೂಲಿ ಪಂಚಾಯಿತಿ ಕಚೇರಿಯಂಥ ಬಹಿರಂಗ ಜಾಗದಲ್ಲಿ. ಬಡ್ಡಿ ಅಸಲನ್ನು ಮೀರಬಾರದು. (ಕೊನೆಯದು ಧರ್ಮಶಾಸ್ತ್ರದ ಕಾಲದ ದಾಮ್‌ದುಪಟ್ಟೇ; ಹಳೆಯವರಿಗೂ ಬಡ್ಡಿಯ ಹಸಿವು ಗೊತ್ತಿತ್ತು.) ಉದ್ದೇಶ ಒಳ್ಳೆಯದೇ. ಆದರೆ ರಾಜ್ಯದಲ್ಲಿ ವಸೂಲಿ ಬಹುಮಟ್ಟಿಗೆ ನಿಂತುಹೋಯಿತು, ಬ್ಯಾಂಕುಗಳು ಈ ಕಂಪನಿಗಳಿಗೆ ಹಣ ಕೊಡಲು ಹಿಂಜರಿದವು, ಏಟು ಗಡಿ ದಾಟಿತು. ಆಂಧ್ರದಲ್ಲಿ ಹೆಚ್ಚು ಸಾಲ ಕೊಟ್ಟಿದ್ದ ಕಂಪನಿಗಳನ್ನೇ ನೆಚ್ಚಿಕೊಂಡಿದ್ದ ಹೊರರಾಜ್ಯಗಳ ಜಿಲ್ಲೆಗಳಲ್ಲೂ ಸಾಲ ಬತ್ತಿ, ದಿನಗೂಲಿ ಇಳಿದು, ಮನೆಖರ್ಚು ಕುಗ್ಗಿದ್ದನ್ನು ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ಒಂದು ರಾಜ್ಯದ ಕಾನೂನು ಗಡಿಕಲ್ಲಿನ ಬಳಿ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ.

ಆಗ ತಪ್ಪಿದ್ದು ಎಲ್ಲಿ? ಒಂದು ಮನೆಯ ಮೇಲೆ ಒಟ್ಟು ಎಷ್ಟು ಸಾಲವಿದೆ ಎಂಬುದು ಒಬ್ಬ ಸಾಲಿಗನಿಗೂ ಪೂರ್ತಿ ಗೊತ್ತಿರಲಿಲ್ಲ. ಒಬ್ಬರ ಕಂತಿಗೆ ಇನ್ನೊಬ್ಬರ ಸಾಲ ಹೊಂದಿಸಿಕೊಳ್ಳುತ್ತಿದ್ದುದು ಯಾರ ಪುಸ್ತಕದಲ್ಲೂ ಕಾಣುತ್ತಿರಲಿಲ್ಲ. ಪೈಪೋಟಿಯ ಕಂಪನಿಗಳು ಪರಸ್ಪರ ಲೆಕ್ಕ ತೋರಿಸಬೇಕಾದರೆ ಎಲ್ಲರ ಮೇಲೂ ಒಂದೇ ಕಟ್ಟು ಬೇಕು. ಒಬ್ಬ ಸಾಲಗಾರಳಿಗೆ ಇಂಥ ಎರಡಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಹಳೆಯ ನಿಯಮ 2022ರಲ್ಲಿ ಹೋಯಿತು. ಅದರ ಬದಲು ಮನೆಯ ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧ ಮೀರಬಾರದೆಂಬ ನಿಯಮ ಬಂತು. ಕೂಲಿಯ ಆದಾಯವನ್ನು ಅಳೆಯುವುದು ಹೇಗೆ? ಬಿತ್ತನೆಯ ತಿಂಗಳು ಒಂದು, ಬರದ ತಿಂಗಳು ಇನ್ನೊಂದು. ಹಾಗಾಗಿ ಎಂಫಿನ್ 2024ರಲ್ಲಿ ಎಣಿಸಲು ಬರುವ ಬೇಲಿ ಹಾಕಿತು: ಮೊದಲು ನಾಲ್ಕು, ಕೆಲವೇ ತಿಂಗಳಲ್ಲಿ ಮೂರು ಕಂಪನಿಗಳಷ್ಟೇ; ಬಾಕಿ 2 ಲಕ್ಷ ರೂಪಾಯಿ ದಾಟಬಾರದು.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಆಕ್ಷೇಪ ಸಹಜ. ಕಂಪನಿಗಳ ದುಡ್ಡಿನಲ್ಲಿ ನಡೆಯುವ ಸಂಘ ಕಂಪನಿಗಳನ್ನು ಹಿಡಿದೀತೇ? ಈ ಅನುಮಾನ ನನಗೂ ಇದೆ. ಆದರೆ ಅತಿಸಾಲ ಕೊನೆಗೆ ಮುಳುಗಿಸುವುದು ಕೊಟ್ಟವರನ್ನೇ ಎಂದು 2010 ಕಲಿಸಿತು. ಲೆಕ್ಕ ಹಂಚಿಕೊಳ್ಳುವಲ್ಲಿ ಅವರ ಸ್ವಾರ್ಥವೂ ಸಾಲಗಾರಳ ಹಿತವೂ ಕೂಡುತ್ತವೆ. ಕೂಡದಿರುವ ಕಡೆ ಸಂಘ ಸಡಿಲವಾಗುತ್ತದೆ. ಸಾಲದ ಕಾರ್ಡನ್ನೇ ನೋಡಿ. ಬಡ್ಡಿ, ಶುಲ್ಕ, ಕಟ್ಟಿದ ಕಂತಿನ ಗುರುತು, ದೂರು ಹೇಳುವ ದಾರಿ ಅದರಲ್ಲಿ ಇರಬೇಕು, ಅದೂ ಸಾಲಗಾರಳಿಗೆ ತಿಳಿಯುವ ಭಾಷೆಯಲ್ಲಿ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಅಕ್ಷರ ಕಲಿತವಳಿಗೆ, ಅಕ್ಷರವನ್ನೇ ಕಲಿಯದ ಅವಳ ಅತ್ತೆಗೆ, ತಿಳಿಯುವ ಭಾಷೆ ಯಾವುದು? ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ವಸೂಲಿಗೆ ಕರೆ ಮಾಡಬಾರದು, ನೆಂಟರಿಷ್ಟರನ್ನು ಕಾಡಬಾರದು ಎಂದೂ ನಿಯಮವಿದೆ. ಗುಂಪು ಜಾಮೀನಿನ ಸಾಲದಲ್ಲಿ ಬಾಗಿಲು ಬಡಿಯುವವರು ಕಂಪನಿಯವರೇ ಆಗಬೇಕಿಲ್ಲ. ತನ್ನ ಕಂತಿನ ಜೊತೆ ಇವಳದನ್ನೂ ತುಂಬಬೇಕಾದ ಪಕ್ಕದ ಮನೆಯವಳು ಸಾಕು. ಆ ಒತ್ತಡಕ್ಕೆ ಯಾವ ತಪಾಸಣೆಯೂ ಇಲ್ಲ.

ಹಾಗಾದರೆ ಕಠಿಣ ಕಾನೂನೇ ಸಾಲದೇ? ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಜಾಡಿನಲ್ಲೇ 2023ರಲ್ಲಿ ತೆಲಂಗಾಣ ಹೈಕೋರ್ಟ್ 2010ರ ಆ ಕಾನೂನಿನಿಂದ ಇಂಥ ಕಂಪನಿಗಳನ್ನು ಹೊರಗಿಟ್ಟಿತು. ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟ ಕರ್ನಾಟಕದ 2025ರ ಕಾನೂನೂ ಅವನ್ನು ಕೈಬಿಟ್ಟು, ನೋಂದಣಿಯಿಲ್ಲದ ಸಾಲಿಗರ ಮೇಲೆ ಕಣ್ಣಿಟ್ಟಿದೆ. ಹೀಗೆ ಕೆಲಸ ತಾನಾಗಿ ಪಾಲಾಗಿದೆ: ಮೀಟರ್ ಬಡ್ಡಿಯವನು ರಾಜ್ಯದ ಪಾಲಿಗೆ, ಕಾರ್ಡು ಕೊಡುವ ಕಂಪನಿ ರಿಸರ್ವ್ ಬ್ಯಾಂಕು ಮತ್ತು ಸಂಘದ ಪಾಲಿಗೆ. ನಾಲ್ಕನೆಯ ಕಂಪನಿ ಇಲ್ಲವೆಂದಾಗ ಸಾಲಗಾರಳು ನಡೆಯುವುದು ಬಹುಶಃ ಮೀಟರ್ ಬಡ್ಡಿಯವನ ಮನೆಗೇ. ಎಂಫಿನ್‌ನ ಮೂರರ ಲೆಕ್ಕದಲ್ಲಿ ಅವನ ಸಾಲ ಬರುವುದಿಲ್ಲ.