ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಅವಧಿ ಹಲವು

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಣ ಅಂತರ ಸುಮಾರು 14,000 ಕಿ.ಮೀ. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೊರಡುವ ವೃದ್ಧ ತಂದೆ-ತಾಯಿಯರಿಗೂ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಇದು ಪರಿಚಿತ ಹಾದಿ. ಆದರೆ ಇದನ್ನು ಕ್ರಮಿಸಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಚಪ್ಪಟೆ ಭೂಪಟದಲ್ಲಿ ನೇರ ದಾರಿ ಪೆಸಿಫಿಕ್ ಸಾಗರದ ನಡುವೆ ಹಾದುಹೋಗುವಂತೆ ತೋರುತ್ತದೆ. ಆದರೆ ಭೂಗೋಳದ ಮೇಲೆ ಎರಡೂ ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದರೆ ಅದು ಉತ್ತರಕ್ಕೇರಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ವೃತ್ತದೊಳಗೆ ಸಾಗಿ ಅಲಾಸ್ಕಾದ ಮೇಲಿನಿಂದ ಕೆಳಗಿಳಿಯುತ್ತದೆ. ಅದೇ ಅತ್ಯಂತ ಹತ್ತಿರದ ಮಾರ್ಗ.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ಗಾಳಿಯ ಲೆಕ್ಕ ಬೇರೆ. ಗಂಟೆಗೆ ಸರಾಸರಿ 100 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸಿದರೆ ಅವಧಿ 14 ಗಂಟೆಗೆ ಇಳಿಯುತ್ತದೆ. ಎದುರಿನಿಂದ ಬೀಸಿದರೆ ಹದಿನೇಳೂವರೆ ಗಂಟೆಗೆ ಏರುತ್ತದೆ. ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಪೂರ್ವ ದಿಕ್ಕಿನಲ್ಲಿ ಅಮೆರಿಕಕ್ಕೆ ಹೋಗುವಾಗ ಅದು ನೆರವಾಗುತ್ತದೆ; ಅದೇ ಹಾದಿಯಲ್ಲಿ ಮರಳುವಾಗ ಅಡ್ಡಿಯಾಗುತ್ತದೆ. ಭೂಮಿ ತಿರುಗುವುದರಿಂದ ದೂರ ಕಡಿಮೆಯಾಗುತ್ತದೆಂಬ ನಂಬಿಕೆ ಸರಿಯಲ್ಲ. ಭೂಮಿಯೊಂದಿಗೆ ವಾಯುಮಂಡಲವೂ ತಿರುಗುತ್ತದೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾರಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್ ತಂಡದಲ್ಲಿದ್ದವರೆಲ್ಲರೂ ಮಹಿಳೆಯರೇ. ಕ್ಯಾಲೆಂಡರಿನಲ್ಲಿ ಎರಡು ದಿನಗಳ ಅಂತರ ಕಂಡರೂ ಹಾರಾಟದ ಅವಧಿ ಸುಮಾರು 17 ಗಂಟೆ ಮಾತ್ರ. ಟಿಕೆಟಿನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಮುದ್ರಿಸುವುದರಿಂದ ಈ ಗೊಂದಲ ಸಹಜ. ಭಾರತದ ಗಡಿಯಾರ ಅಲ್ಲಿನದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ.

ಹತ್ತಿರದ ದಾರಿ ಎಲ್ಲ ವಿಮಾನಗಳಿಗೂ ತೆರೆದಿರುವುದಿಲ್ಲ. ಉಕ್ರೇನ್ ಯುದ್ಧದ ಬಳಿಕ 2022ರಲ್ಲಿ ಅಮೆರಿಕ ಮತ್ತು ಯುರೋಪಿನ ಹಲವು ವಿಮಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಅವು ಬಳಸುದಾರಿ ಹಿಡಿಯಬೇಕಾಯಿತು. ತೆರೆದ ದಾರಿಯಲ್ಲೂ ಅಪಾಯವಿಲ್ಲದಿಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ದೋಷದಿಂದಾಗಿ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ, ಅಂದರೆ ಜೂನ್ 8ರವರೆಗೆ, ಅಲ್ಲೇ ಉಳಿಯಬೇಕಾಯಿತು.

ಆದ್ದರಿಂದ ಟಿಕೆಟ್ ಕೊಳ್ಳುವವರು ಕಿಲೋಮೀಟರುಗಳಿಗಿಂತ ಒಟ್ಟು ಪ್ರಯಾಣದ ಅವಧಿಯನ್ನು ಗಮನಿಸುವುದು ಒಳಿತು. ನಡುವೆ ವಿಮಾನ ಬದಲಿಸಬೇಕಾದ ಪ್ರಯಾಣದಲ್ಲಿ ಕಾಯುವ ಹೊತ್ತೂ ಸೇರಿ ಅವಧಿ 20 ಗಂಟೆ ಮೀರುವುದು ಸಾಮಾನ್ಯ. ಒಂಟಿಯಾಗಿ ಹೊರಡುವ ಹಿರಿಯರಿಗೆ ಈ ಲೆಕ್ಕವೇ ಮುಖ್ಯ.